ದಿನಾ ದೂರ ಓಡಾಡುವವರಿಗೆ ಹಳೇ ಡೀಸೆಲ್ ಕಾರು: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ರೆಡಿಂಗ್‌ನಲ್ಲಿ ಮನೆ, ಸ್ವಿಂಡನ್‌ನಲ್ಲಿ ಪ್ರಾಜೆಕ್ಟ್. ಮಿಲ್ಟನ್ ಕೀನ್ಸ್‌ನಲ್ಲಿ ಮನೆ, ಕವೆಂಟ್ರಿ ಕಡೆ ಫ್ಯಾಕ್ಟರಿ. ಡಾಕ್ಟರಾದರಂತೂ ಕೇಳೋದೇ ಬೇಡ. ಟ್ರೇನಿಂಗ್ ಮುಗಿಯುವ ತನಕ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹಾಕುತ್ತಲೇ ಇರುತ್ತಾರೆ, ಮಕ್ಕಳ ಸ್ಕೂಲಿಗೋಸ್ಕರ ಮನೆ ಮಾತ್ರ ಇದ್ದಲ್ಲೇ ಇರುತ್ತದೆ. ರೈಲಿನ ಸೀಸನ್ ಟಿಕೆಟ್ ದರ ನೋಡಿದ ಮೇಲೆ ನಮ್ಮವರ ಮುಂದಿನ ಪ್ರಶ್ನೆ ಒಂದೇ: ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಗೊಂಡ್ರೆ ಹೇಗೆ? ಎಷ್ಟು ಕೊಡುತ್ತೆ?

ಎಷ್ಟು ಕೊಡುತ್ತೆ ಅನ್ನುವುದಕ್ಕಿಂತ ಮೊದಲು, ಎಂಥ ರಸ್ತೆಯಲ್ಲಿ ಓಡುತ್ತೆ ಅಂತ ಕೇಳಿಕೊಳ್ಳಿ. ಡೀಸೆಲ್ ಲಾಭವೋ ನಷ್ಟವೋ ಅನ್ನೋದು ಅಲ್ಲೇ ತೀರ್ಮಾನ ಆಗುತ್ತದೆ.

ಊರಿನ ಲೆಕ್ಕವನ್ನು ಮೊದಲು ಬಿಡಬೇಕು. ಕರ್ನಾಟಕದಲ್ಲಿ ಡೀಸೆಲ್ ಅಂದರೆ ಪೆಟ್ರೋಲಿಗಿಂತ ಅಗ್ಗ ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಎರಡಕ್ಕೂ ಇಂಧನ ತೆರಿಗೆ ಒಂದೇ, ಆದರೆ ಬಂಕಿನಲ್ಲಿ ಡೀಸೆಲ್ ಸಾಮಾನ್ಯವಾಗಿ ಲೀಟರಿಗೆ ಕೆಲವು ಪೆನ್ಸ್ ಜಾಸ್ತಿ. ಉಳಿತಾಯ ಬರುವುದು ದರದಿಂದ ಅಲ್ಲ, ಮೈಲೇಜಿನಿಂದ. ಇಲ್ಲಿ ಮೈಲೇಜನ್ನು ಹೇಳುವುದು ಎಂಪಿಜಿಯಲ್ಲಿ, ಅಂದರೆ ಗ್ಯಾಲನ್‌ಗೆ ಎಷ್ಟು ಮೈಲಿ ಅಂತ. ಅದನ್ನು 2.8ರಿಂದ ಭಾಗಿಸಿದರೆ ನಮಗೆ ಅರ್ಥವಾಗುವ ಲೀಟರಿಗೆ ಕಿಲೋಮೀಟರ್ ಸಿಗುತ್ತದೆ. 55 ಎಂಪಿಜಿ ಅಂದರೆ ಲೀಟರಿಗೆ ಸುಮಾರು 19.5 ಕಿಲೋಮೀಟರ್. ಇಲ್ಲಿಯ ಗ್ಯಾಲನ್ 4.546 ಲೀಟರ್, ಅಮೆರಿಕದ್ದು ಅದಕ್ಕಿಂತ ಚಿಕ್ಕದು. ಹಾಗಾಗಿ ಅಮೆರಿಕದ ನೆಂಟರ ಕಾರಿನ ಅಂಕಿಯ ಜೊತೆ ಹೋಲಿಸಿ ಖುಷಿಪಡಬೇಡಿ.

ಈಗ ಒಂದು ಲೆಕ್ಕ. ದಿನಕ್ಕೆ ಹೋಗಿಬರಲು 100 ಮೈಲಿ, ವರ್ಷಕ್ಕೆ 22,000 ಮೈಲಿ ಅಂದುಕೊಳ್ಳಿ. ಡೀಸೆಲ್ ಕಾರು 55 ಎಂಪಿಜಿ ಕೊಟ್ಟು, ಲೀಟರಿಗೆ 1.45 ಪೌಂಡ್ ಇದ್ದರೆ ವರ್ಷಕ್ಕೆ ಸುಮಾರು 2,640 ಪೌಂಡ್. ಅದೇ ಗಾತ್ರದ ಪೆಟ್ರೋಲ್ ಕಾರು 40 ಎಂಪಿಜಿ ಕೊಟ್ಟು, ಲೀಟರಿಗೆ 1.37 ಇದ್ದರೆ ಸುಮಾರು 3,425 ಪೌಂಡ್. ವ್ಯತ್ಯಾಸ 800 ಪೌಂಡಿನ ಹತ್ತಿರ. ಬಂಕಿನ ದರ ದಿನಾ ಬದಲಾಗುತ್ತದೆ, ನಿಮ್ಮೂರಿನ ದರ ಹಾಕಿಕೊಂಡು ಮತ್ತೆ ಲೆಕ್ಕ ಮಾಡಿ. ವರ್ಷಕ್ಕೆ ಬರೀ 5,000 ಮೈಲಿ ಓಡಿಸುವವರಿಗೆ ಇದೇ ವ್ಯತ್ಯಾಸ 180 ಪೌಂಡಿಗೆ ಇಳಿಯುತ್ತದೆ. ಅಷ್ಟಕ್ಕೋಸ್ಕರ ಡೀಸೆಲ್ ಕಟ್ಟಿಕೊಳ್ಳುವುದು ಸುಮ್ನೆ ತಲೆನೋವು. ಪೇಟೆಯೊಳಗೇ ಓಡಾಡುವವರಿಗೆ ಟೊಯೋಟಾದ ಹೈಬ್ರಿಡ್ ವಾಸಿ.

ತಲೆನೋವು ಯಾಕೆ ಅಂದರೆ, ಡಿಪಿಎಫ್. ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದು. 2011ರಿಂದ ಈಚೆಗೆ ಬಂದ ಹೆಚ್ಚುಕಡಿಮೆ ಎಲ್ಲ ಡೀಸೆಲ್ ಕಾರುಗಳಲ್ಲೂ ಇದೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಎಗ್ಸಾಸ್ಟ್ ಚೆನ್ನಾಗಿ ಬಿಸಿಯಾಗಬೇಕು, ಕಾರು ನಿಲ್ಲದೆ ಹದಿನೈದು ಇಪ್ಪತ್ತು ನಿಮಿಷ ಒಳ್ಳೇ ವೇಗದಲ್ಲಿ ಓಡಬೇಕು. ಎಂ4 ಥರದ ಮೋಟರ್‌ವೇಯಲ್ಲಿ, ಅಂದರೆ ಹೆದ್ದಾರಿಯಲ್ಲಿ, ದಿನಾ ಓಡುವ ಕಾರಿಗೆ ಇದು ತನ್ನಷ್ಟಕ್ಕೆ ಆಗಿಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಬರೀ ಸ್ಕೂಲು, ಟೆಸ್ಕೊ, ಮನೆ ಅಂತ ಸುತ್ತುವ ಕಾರಿನಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಕೊನೆಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೊಸದು ಹಾಕಿಸಿದರೆ ಬಿಲ್ಲು ಸಾವಿರ ಪೌಂಡ್ ದಾಟುವುದು ಮಾಮೂಲು.

ಇದರಿಂದ ನಮ್ಮ ಊರಿನ ಇನ್ನೊಂದು ನಂಬಿಕೆಯೂ ತಲೆಕೆಳಗಾಗುತ್ತದೆ. ಕಡಿಮೆ ಓಡಿದ ಕಾರು ಒಳ್ಳೇದು, ಅಜ್ಜಅಜ್ಜಿ ಓಡಿಸಿದ್ದು ಇನ್ನೂ ಒಳ್ಳೇದು ಅಲ್ವಾ? ಪೆಟ್ರೋಲ್ ಕಾರಾದರೆ ಸರಿ. ಆದರೆ ಎಂಟು ವರ್ಷದಲ್ಲಿ 25,000 ಮೈಲಿ ಮಾತ್ರ ಓಡಿದ ಡೀಸೆಲ್ ಕಂಡರೆ ನನಗೆ ಅನುಮಾನ. ಅದೇ ವಯಸ್ಸಿನಲ್ಲಿ 95,000 ಮೈಲಿ ಮೋಟರ್‌ವೇಯಲ್ಲಿ ಓಡಿ, ಪ್ರತಿ ವರ್ಷ ಆಯಿಲ್ ಬದಲಾಯಿಸಿದ ಬಿಲ್ಲು ಇರುವ ಕಾರು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಬೆಲೆಯೂ ಕಡಿಮೆ ಇರುತ್ತದೆ.

ಯಾವ ವರ್ಷದ್ದು ತಗೋಬೇಕು? ಇಲ್ಲಿ ನಂಬರ್ ಪ್ಲೇಟಿನಲ್ಲೇ ಕಾರಿನ ವಯಸ್ಸು ಇದೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ನೋಂದಣಿಯಾದದ್ದಕ್ಕೆ ಆ ವರ್ಷದ ಕೊನೆಯ ಎರಡು ಅಂಕಿ, ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗಿನದಕ್ಕೆ 50 ಕೂಡಿಸಿದ ಅಂಕಿ. ಹಾಗಾಗಿ 65 ಅಂತ ಇದ್ದರೆ 2015ರ ಸೆಪ್ಟೆಂಬರ್‌ನಿಂದ ಈಚಿನದು. ಈ 65 ಅನ್ನು ನೆನಪಿಡಿ. ಹೊಸ ಕಾರುಗಳೆಲ್ಲ ಯುರೋಪಿನ ಹೊಗೆ ನಿಯಮವಾದ ಯೂರೋ 6ಕ್ಕೆ ತಕ್ಕಂತೆ ಇರಬೇಕು ಅಂತ ಕಡ್ಡಾಯ ಆದದ್ದು ಆಗಲೇ. ಅದಕ್ಕಿಂತ ಹಳೇ ಡೀಸೆಲ್ ಬಹುತೇಕ ಯೂರೋ 5. ಅಂಥದ್ದನ್ನು ಲಂಡನ್ನಿನ ಯುಲೆಜ್, ಅಂದರೆ ಜಾಸ್ತಿ ಹೊಗೆಯ ಗಾಡಿಗಳಿಗೆ ಶುಲ್ಕ ಹಾಕುವ ವಲಯದ ಒಳಗೆ ತಂದರೆ ದಿನಕ್ಕೆ 12.50 ಪೌಂಡ್. 2023ರ ಆಗಸ್ಟ್‌ನಿಂದ ಲಂಡನ್ನಿನ ಎಲ್ಲ ಬರೋಗಳೂ (ಆಡಳಿತ ವಿಭಾಗಗಳು) ಇದರೊಳಗೆ ಬಂದಿವೆ, ಹೀಥ್ರೂ ಕೂಡ. ಅಪ್ಪಅಮ್ಮನನ್ನು ಕರೆತರಲು ಹೋದರೂ ಕಟ್ಟಬೇಕು. ಬರ್ಮಿಂಗ್‌ಹ್ಯಾಮ್ ನಡುಪೇಟೆಯಲ್ಲಿ 8 ಪೌಂಡ್, ಬ್ರಿಸ್ಟಲ್‌ನಲ್ಲಿ 9. ಗ್ಲಾಸ್ಗೊ, ಎಡಿನ್‌ಬರಾದಲ್ಲಿ ದಿನದ ಶುಲ್ಕ ಅಂತಿಲ್ಲ, ನೇರ ದಂಡವೇ. ಕಾರಿನ ನಂಬರ್ ಹಾಕಿದರೆ ಸರ್ಕಾರಿ ವೆಬ್‌ಸೈಟೇ ಹೇಳುತ್ತದೆ. ಮಾರುವವನ ಬಾಯಿಮಾತು ಬೇಡ.

ರಸ್ತೆ ತೆರಿಗೆಯಲ್ಲಿ ಒಂದು ಮಜಾ ಇದೆ. 2017ರ ಏಪ್ರಿಲ್‌ಗಿಂತ ಮುಂಚೆ ನೋಂದಣಿಯಾದ ಕಾರಿಗೆ ತೆರಿಗೆ ಅದರ ಹೊಗೆಯ ಅಂಕಿ ನೋಡಿ. ಕಿಲೋಮೀಟರಿಗೆ 110 ಗ್ರಾಂ ಇಂಗಾಲದ ಡೈಆಕ್ಸೈಡ್‌ವರೆಗೆ ಇದ್ದರೆ, 2025ರ ಏಪ್ರಿಲ್‌ನ ದರದಂತೆ ವರ್ಷಕ್ಕೆ 20 ಪೌಂಡ್ ಅಷ್ಟೇ. ಆಮೇಲಿನ ಕಾರಾದರೆ ಹೊಗೆ ಎಷ್ಟೇ ಕಡಿಮೆ ಇರಲಿ, 195. ಹಾಗಾಗಿ 65, 16, 66 ಪ್ಲೇಟಿನ ಸಣ್ಣ ಡೀಸೆಲ್‌ಗಳಿಗೆ ಯೂರೋ 6 ಕೂಡ ಇದೆ, ಅಗ್ಗದ ತೆರಿಗೆಯೂ ಇದೆ. ಕಾರಿಗೆ ವಯಸ್ಸಾಗಿದೆ ನಿಜ. ತೆರಿಗೆಯಲ್ಲಿ ಉಳಿದದ್ದು ಟೈರಿಗೂ ಬ್ರೇಕಿಗೂ ಹೋಗುತ್ತದೆ ಅಂತ ಅಂದುಕೊಂಡೇ ತಗೊಳ್ಳಿ.

ಇನ್ನು ಯಾವ ಕಾರು. ನನ್ನ ಮೊದಲ ಮಾತು ಸ್ಕೋಡಾ ಆಕ್ಟೇವಿಯಾ. ಇಲ್ಲಿಯ ಟ್ಯಾಕ್ಸಿಯವರು ಸುಮ್ನೆ ಅದನ್ನು ಇಷ್ಟಪಡುವುದಿಲ್ಲ. ಡಿಕ್ಕಿ ದೊಡ್ಡದು, ಊರಿಂದ ಬಂದ ನಾಲ್ಕು ದೊಡ್ಡ ಸೂಟ್‌ಕೇಸ್ ಹಿಡಿಸುತ್ತದೆ. ಸ್ಕೋಡಾ ಸೇರಿದ ಫೋಕ್ಸ್‌ವ್ಯಾಗನ್ ಗುಂಪು ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ 2015ರಲ್ಲಿ ಬಯಲಾದ ಹಗರಣ ಇಲ್ಲಿ ಹಿಂದಿನ ಯೂರೋ 5 ಎಂಜಿನ್‌ನದು. ಯೂರೋ 6 ಆಕ್ಟೇವಿಯಾದಲ್ಲಿ ಇರುವುದು ಬೇರೆ ಎಂಜಿನ್. ಹೋಂಡಾ ಸಿವಿಕ್ 1.6 ಡೀಸೆಲ್ ಎರಡನೆಯದು. ಕಂಪನಿ ಹೇಳಿದ್ದು 78.5 ಎಂಪಿಜಿ. ಅಷ್ಟು ಬರುವುದಿಲ್ಲ ಬಿಡಿ, ಆದರೂ ನಿಧಾನವಾಗಿ ಓಡಿಸುವವರಿಗೆ 60 ಸಿಗುತ್ತದೆ. ಇದರಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ. ಆದರೆ ಮೊದಮೊದಲು ಬಂದವು ಯೂರೋ 5, ನೋಡಿಕೊಂಡು ತಗೊಳ್ಳಿ. ಕಿಯಾ ಸೀಡ್‌ಗೆ ಏಳು ವರ್ಷ ಅಥವಾ ಒಂದು ಲಕ್ಷ ಮೈಲಿ ವಾರಂಟಿ. ಅದರಲ್ಲಿ ಸ್ವಲ್ಪ ಉಳಿದಿದ್ದರೂ ನೆಮ್ಮದಿ. ಬಿಎಂಡಬ್ಲ್ಯೂ 320ಡಿ ಮೇಲೆ ಎಲ್ಲರಿಗೂ ಕಣ್ಣಿರುತ್ತದೆ. ಒಳ್ಳೇ ಕಾರೇ. ಆದರೆ 2007ರಿಂದ 2011ರ ಆಸುಪಾಸಿನ ಅದರ ಎಂಜಿನ್‌ನ ಟೈಮಿಂಗ್ ಚೈನ್ ಹೆಸರು ಕೆಡಿಸಿಕೊಂಡಿದೆ. ಚೈನ್ ಇರುವುದು ಎಂಜಿನ್‌ನ ಹಿಂಭಾಗದಲ್ಲಿ, ಕೈ ಹಾಕಬೇಕು ಅಂದರೆ ದೊಡ್ಡ ಕೆಲಸ. ಅಗ್ಗಕ್ಕೆ ಸಿಗುತ್ತದೆ ಅಂತ ಆ ಕಾಲದ್ದಕ್ಕೆ ಮರುಳಾಗಬೇಡಿ.

ಕಾರು ನೋಡಲು ಹೊರಡುವ ಮೊದಲೇ ಅರ್ಧ ಕೆಲಸ ಮನೆಯಲ್ಲೇ ಮುಗಿಸಬಹುದು. ಮೂರು ವರ್ಷ ತುಂಬಿದ ಪ್ರತಿ ಕಾರಿಗೂ ಇಲ್ಲಿ ವರ್ಷಕ್ಕೊಮ್ಮೆ ಎಂಒಟಿ, ಅಂದರೆ ರಸ್ತೆಗಿಳಿಯಲು ಯೋಗ್ಯವಾ ಅನ್ನುವ ಪರೀಕ್ಷೆ. ಅದರ ಪೂರ್ತಿ ಚರಿತ್ರೆ ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ನಂಬರ್ ಒಂದಿದ್ದರೆ ಸಾಕು. ಮೊದಲು ಮೈಲಿ ನೋಡಿ. 31,000, 52,000, 74,000 ಅಂತ ಏರುತ್ತಾ ಬಂದಿದ್ದರೆ ಅದು ಮೋಟರ್‌ವೇ ಕಾರು. ಇದ್ದಕ್ಕಿದ್ದಂತೆ ಒಂದು ವರ್ಷ ಬರೀ 1,200 ಮೈಲಿ ಅಂತ ಇದ್ದರೆ ಆ ವರ್ಷ ಏನಾಗಿತ್ತು ಅಂತ ಕೇಳಿ. ಮೈಲಿ ಹಿಂದಕ್ಕೆ ಹೋಗಿದ್ದರೆ ಕೇಳುವುದೂ ಬೇಡ. ಆಮೇಲೆ ಅಡ್ವೈಸರಿಗಳು, ಅಂದರೆ ಪಾಸ್ ಆದರೂ ಗಮನ ಕೊಡಿ ಅಂತ ಬರೆದ ಸಣ್ಣಪುಟ್ಟ ದೋಷಗಳು. ಬ್ರೇಕ್ ಪೈಪಿಗೆ ತುಕ್ಕು ಅಂತ ಮೂರು ವರ್ಷ ಒಂದೇ ಸಾಲು ಬಂದಿದ್ದರೆ ಮಾಲೀಕ ಎಂಥವನು ಅಂತ ಗೊತ್ತಾಯಿತಲ್ಲ. ಕೆಲವು ಪೌಂಡ್ ಕೊಟ್ಟು ಸಾಲ ಬಾಕಿ ಇದೆಯಾ, ಅಪಘಾತದಲ್ಲಿ ರೈಟ್‌ಆಫ್ (ರಿಪೇರಿ ಮಾಡಿ ಪ್ರಯೋಜನವಿಲ್ಲ ಅಂತ ಇನ್ಶೂರೆನ್ಸ್‌ನವರು ಕೈಬಿಟ್ಟದ್ದು) ಆಗಿತ್ತಾ ಅಂತಲೂ ನೋಡಿಬಿಡಿ. ಸಾಲ ತೀರದ ಕಾರನ್ನು ಸಾಲ ಕೊಟ್ಟವರು ಬಂದು ಒಯ್ಯಬಹುದು.

ಹೋದಾಗ ಎಂಜಿನ್ ತಣ್ಣಗಿರಬೇಕು ಅಂತ ಫೋನಿನಲ್ಲೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತಲೇ ಲೆಕ್ಕ. ನಂತರ ಹಿಂದೆ ಹೋಗಿ ಸೈಲೆನ್ಸರ್ ಪೈಪಿನ ಒಳಗೆ ಬೆರಳು ಸವರಿ. ಡಿಪಿಎಫ್ ಸರಿಯಿರುವ ಕಾರಿನಲ್ಲಿ ಪೈಪು ಹೆಚ್ಚುಕಡಿಮೆ ಸ್ವಚ್ಛ ಇರುತ್ತದೆ. ಬೆರಳಿಗೆ ಕಪ್ಪು ಮಸಿ ದಪ್ಪಗೆ ಅಂಟಿದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ಕಿತ್ತುಹಾಕಿದ್ದಾರೆ. ಕಿತ್ತದ್ದು ಗೊತ್ತಾದರೆ ಎಂಒಟಿ ಫೇಲ್, 2014ರಿಂದ ಈ ನಿಯಮ ಇದೆ. ಇನ್ನೊಂದನ್ನು ಬಹಳ ಜನ ನೋಡುವುದೇ ಇಲ್ಲ: ಆಯಿಲ್ ಡಿಪ್‌ಸ್ಟಿಕ್. ಕಡಿಮೆ ಇದ್ದರೆ ಕೆಟ್ಟದ್ದು ಅಂತ ನಮಗೆಲ್ಲ ಗೊತ್ತು. ಡೀಸೆಲ್‌ನಲ್ಲಿ ಜಾಸ್ತಿ ಇದ್ದರೂ ಕೆಟ್ಟದ್ದೇ. ಮಸಿ ಸುಡುವ ಕೆಲಸ ಪದೇಪದೇ ಅರ್ಧಕ್ಕೆ ನಿಂತಾಗ ಉರಿಯದ ಡೀಸೆಲ್ ಆಯಿಲ್‌ಗೆ ಇಳಿದು ಮಟ್ಟ ಏರುತ್ತದೆ. ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಥ್ಯಾಂಕ್ಸ್ ಹೇಳಿ ಹೊರಡಿ.

ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಸೇರುತ್ತಿರಬಹುದು. ಕ್ಲಚ್ ಒತ್ತಿ ಬಿಟ್ಟಾಗ ಕೆಳಗೆ ಕಟಕಟ ಸದ್ದು ಬದಲಾದರೆ ಫ್ಲೈವೀಲ್, ಅಂದರೆ ಎಂಜಿನ್ ಮತ್ತು ಕ್ಲಚ್ ನಡುವಿನ ಭಾರದ ಚಕ್ರ, ಕೈಕೊಡುವ ಹಂತದಲ್ಲಿದೆ. ಕ್ಲಚ್ ಜೊತೆ ಅದನ್ನೂ ಬದಲಿಸಿದರೆ ಮತ್ತೆ ಸಾವಿರ ಪೌಂಡಿನ ಮಾತು. ಟೈಮಿಂಗ್ ಬೆಲ್ಟ್ ಬದಲಿಸಿದ್ದೇವೆ ಅಂದರೆ ಬಿಲ್ಲು ತೋರಿಸಲಿ.

ಇನ್ಶೂರೆನ್ಸ್ ವಿಷಯ. ಕಾರಿಗೆ ದುಡ್ಡು ಕೊಡುವ ಮೊದಲೇ ಅದರ ನಂಬರ್ ಹಾಕಿ ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ಕೋಟ್ ತೆಗೆಯಿರಿ. ಊರಿನ ಲೈಸೆನ್ಸ್ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಡೆಯುತ್ತದೆ, ಆದರೆ ಅದರ ಮೇಲೆ ಇನ್ಶೂರೆನ್ಸ್ ದುಬಾರಿ. ಊರಿನ ನೋ ಕ್ಲೇಮ್ ಬೋನಸ್ಸನ್ನು ಹೆಚ್ಚಿನವರು ಒಪ್ಪುವುದಿಲ್ಲ. ಬೇಗ ಇಲ್ಲಿಯ ಟೆಸ್ಟ್ ಪಾಸ್ ಮಾಡಿ. ಆಟೋಮ್ಯಾಟಿಕ್‌ನಲ್ಲಿ ಪಾಸ್ ಆದರೆ ಮ್ಯಾನುಯಲ್ ಓಡಿಸುವಂತಿಲ್ಲ, ಅಗ್ಗದ ಡೀಸೆಲ್‌ಗಳಲ್ಲಿ ಬಹಳಷ್ಟು ಮ್ಯಾನುಯಲ್ಲೇ. ಫಾರ್ಮಿನಲ್ಲಿ ಕೆಲಸಕ್ಕೆ ಹೋಗಿಬರುವ ಬಳಕೆ ಅಂತ ಆರಿಸಲೇಬೇಕು. ಎರಡು ಮೂರು ಆಸ್ಪತ್ರೆ ಅಥವಾ ಸೈಟುಗಳಿಗೆ ಓಡಾಡುವವರು ಬಿಸಿನೆಸ್ ಬಳಕೆ ಹಾಕಿಸಿ. ಅಗ್ಗ ಆಗುತ್ತೆ ಅಂತ ಹಳೇ ಫ್ರೆಂಡ್ ಹೆಸರಲ್ಲಿ ಪಾಲಿಸಿ ಮಾಡಿಸಿ, ನಿಮ್ಮನ್ನು ಎರಡನೇ ಡ್ರೈವರ್ ಅಂತ ಸೇರಿಸುವ ಉಪಾಯ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ವಂಚನೆ, ಪಾಲಿಸಿಯೇ ರದ್ದಾಗಬಹುದು. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿಗಾಗಿ ಆರು ಪಾಯಿಂಟ್. ಟೆಸ್ಟ್ ಪಾಸಾಗಿ ಎರಡು ವರ್ಷದೊಳಗೆ ಆರು ಪಾಯಿಂಟ್ ಆದರೆ ಲೈಸೆನ್ಸೇ ಹೋಗುತ್ತದೆ.

ಡೀಲರ್ ಹತ್ತಿರವೋ, ನೇರವಾಗಿ ಕಾರಿನ ಮಾಲೀಕರ ಹತ್ತಿರವೋ? ಡೀಲರ್ ಬಳಿ ಬೆಲೆ ಜಾಸ್ತಿ, ಆದರೆ 2015ರ ಗ್ರಾಹಕ ಕಾಯ್ದೆ ಪ್ರಕಾರ ದೋಷ ಇದ್ದರೆ 30 ದಿನದೊಳಗೆ ಹಿಂದಿರುಗಿಸುವ ಹಕ್ಕಿದೆ. ಮಾಲೀಕರಿಂದ ನೇರ ಕೊಂಡರೆ ಆ ರಕ್ಷೆ ಇಲ್ಲ. ಮೊದಲ ಕಾರು, ಗೊತ್ತಿರುವ ಮೆಕ್ಯಾನಿಕ್ ಇಲ್ಲ ಅಂದರೆ ಡೀಲರ್ ಕಡೆಯೇ ಹೋಗಿ. ಮಾಲೀಕರಿಂದಾದರೆ ಅವರ ಮನೆ ಮುಂದೆಯೇ ನೋಡಿ, ಲಾಗ್‌ಬುಕ್ಕಿನ ವಿಳಾಸ ಅದೇನಾ ಅಂತ ಹೋಲಿಸಿ. ಲಾಗ್‌ಬುಕ್ ನಮ್ಮ ಆರ್‌ಸಿ ಥರ ಕಂಡರೂ ಮಾಲೀಕತ್ವದ ದಾಖಲೆ ಅಲ್ಲ. ಕಾರಿನ ಹೊಣೆ ಯಾರದ್ದು ಅಂತ ಮಾತ್ರ ಅದು ಹೇಳುತ್ತದೆ. ಅದಕ್ಕೇ ದುಡ್ಡಿನ ರಸೀದಿ ಬೇಕು. ಲಾಗ್‌ಬುಕ್ಕಿನ ಹಸಿರು ಚೀಟಿ ಹರಿದು ನಿಮಗೆ ಕೊಡುತ್ತಾರೆ, ಅದರಲ್ಲಿರುವ 12 ಅಂಕಿಯ ನಂಬರ್‌ನಿಂದ ಅಲ್ಲೇ ನಿಂತು ಫೋನಿನಲ್ಲಿ ತೆರಿಗೆ ಕಟ್ಟಿ. ಹಳೇ ಮಾಲೀಕ ಕಟ್ಟಿದ ತೆರಿಗೆ ನಿಮಗೆ ಬರುವುದಿಲ್ಲ.

ಓಡಿಸಲು ಶುರು ಮಾಡಿದ ಮೇಲೆ ಒಂದೆರಡು ಅಭ್ಯಾಸ ಸಾಕು. ಗಂಟೆಗೆ 70 ಮೈಲಿಯ ಬದಲು 65ರಲ್ಲಿ ಹೋದರೆ ಮೈಲೇಜ್ ಕಣ್ಣಿಗೆ ಕಾಣುವಷ್ಟು ಏರುತ್ತದೆ, ತಲುಪುವುದು ಕೆಲವೇ ನಿಮಿಷ ತಡ. ಹೊಗೆಯನ್ನು ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಆಡ್‌ಬ್ಲೂ ಅನ್ನುವ ದ್ರವ ಇರುವ ಕಾರಾದರೆ ಅದರ ಎಚ್ಚರಿಕೆ ಬಂದಾಗ ನಾಳೆ ನೋಡೋಣ ಅನ್ನಬೇಡಿ. ಅದು ಪೂರ್ತಿ ಖಾಲಿಯಾದ ಮೇಲೆ ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಡೀಸೆಲ್ಲನ್ನು ಸೂಪರ್‌ಮಾರ್ಕೆಟ್ ಬಂಕಿನಲ್ಲಿ ಹಾಕಿಸಿ, ಮೋಟರ್‌ವೇ ಸರ್ವಿಸಸ್‌ನಲ್ಲಿ ದರ ಕೇಳಿದರೆ ಹೊಟ್ಟೆ ಉರಿಯುತ್ತದೆ. ಹಾಕಿಸಿ ಅಂದೆ, ಇಲ್ಲಿ ಹಾಕಲು ಹುಡುಗರಿರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಕಪ್ಪು ಪಿಸ್ತೂಲು ಡೀಸೆಲ್, ಹಸಿರು ಪೆಟ್ರೋಲ್. ರಾತ್ರಿ ಪಾಳಿ ಮುಗಿಸಿ ಕಣ್ಣು ಎಳೆಯುವಾಗ ಅಪ್ಪಿತಪ್ಪಿ ಹಸಿರು ಹಿಡಿದುಬಿಟ್ಟರೆ ಕೀ ಮುಟ್ಟಬೇಡಿ. ಕಾರನ್ನು ನ್ಯೂಟ್ರಲ್‌ನಲ್ಲಿ ಪಕ್ಕಕ್ಕೆ ತಳ್ಳಿಸಿ, ಟ್ಯಾಂಕ್ ಖಾಲಿ ಮಾಡಿಕೊಡುವವರನ್ನು ಕರೆಸಿ. ಸ್ಟಾರ್ಟ್ ಮಾಡದಿದ್ದರೆ ಟ್ಯಾಂಕ್ ತೊಳೆಸಿದ ಖರ್ಚಿನಲ್ಲೇ ಮುಗಿಯುತ್ತದೆ.