ಘಾಟ್ ಹತ್ತುವಾಗ ಎಂಜಿನ್ ತಿಣುಕಿಸಬೇಡಿ

ಗೋವಾದ ವಾಸ್ಕೋ, ಮಡಗಾಂವ್ ಕಡೆ ಇರುವ ನಮ್ಮವರು ಹಬ್ಬಕ್ಕೆ ಊರಿಗೆ ಹೊರಟರೆ ಒಂದೋ ಅನಮೋಡ ಘಾಟ್ ಹತ್ತಬೇಕು, ಇಲ್ಲ ಚೋರ್ಲಾ. ಬೆಳಗಾವಿಯವರು ಹೆಚ್ಚಾಗಿ ಚೋರ್ಲಾ ಹಿಡಿಯುತ್ತಾರೆ. ಕೇರಿ ಹತ್ತಿರ ಅಂಜುಣೆ ಅಣೆಕಟ್ಟು ಕಂಡಿತು ಅಂದರೆ ಏರು ಬಂತು ಅಂತಲೇ. ಅಲ್ಲಿಂದ ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರಕ್ಕೆ ಹೋಗಬೇಕು. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಲಗೇಜು.

ಇಲ್ಲಿ ತುಂಬಾ ಜನ ಎಂಜಿನ್ ಕೂಗಿದರೆ ಹಾಳಾಗುತ್ತೆ ಅಂದುಕೊಂಡು ಮೂರನೇ ಗೇರಿನಲ್ಲೇ ತಿಣುಕುತ್ತ ಹತ್ತುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಅದು ತಪ್ಪು. ಎಂಜಿನ್ ಒಳಗೆಲ್ಲ ಆಯಿಲ್ ಹರಿಸುವ ಪಂಪನ್ನು ತಿರುಗಿಸುವುದು ಎಂಜಿನ್ನೇ, ಅಲ್ವಾ? ಅದು ನಿಧಾನವಾದರೆ ಪಂಪೂ ನಿಧಾನ, ಪ್ರೆಶರ್ ಕಡಿಮೆ. ನಿಮಿಷಕ್ಕೆ ಪ್ರತಿ ಸಾವಿರ ಸುತ್ತಿಗೆ (ಆರ್‌ಪಿಎಂ) 10 ಪಿಎಸ್‌ಐ ಪ್ರೆಶರ್ ಇರಬೇಕು ಎಂಬುದು ಗ್ಯಾರೇಜಿನವರ ಹಳೇ ಲೆಕ್ಕ. ಏರಿನಲ್ಲಿ ಎಂಜಿನ್ ಒಳಗೆ ತಿರುಗುವ ದಂಡವನ್ನು ಹೊತ್ತ ಬೇರಿಂಗುಗಳ ಮೇಲೆ ಬೀಳುವ ಒತ್ತಡ ಜಾಸ್ತಿ. ಅದೇ ಹೊತ್ತಿಗೆ ಕಾದ ಆಯಿಲ್ ನೀರಾಗಿರುತ್ತದೆ. ಲೋಹದ ನಡುವಿನ ಆಯಿಲ್ ಪೊರೆ ತೆಳ್ಳಗಾಗುವುದು ಆಗಲೇ.

ಮೊದಲ ಕೆಲಸ ಮನೆಯಲ್ಲೇ. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ನೋಡಿ. ಕೆಳಗಿನ ಗೆರೆಯ ಹತ್ತಿರ ಇದ್ದರೆ ತುಂಬಿಸಿಯೇ ಹೊರಡಿ. ಏರಿನಲ್ಲಿ ಎಂಜಿನ್ ತಳದ ಚೇಂಬರಿನ ಆಯಿಲ್ ಒಂದು ಕಡೆಗೆ ವಾಲುತ್ತದೆ. ಇರುವುದೇ ಕಡಿಮೆಯಾದರೆ ಪಂಪು ಗಾಳಿ ಎಳೆದುಕೊಳ್ಳುತ್ತದೆ. ಹಾಗಂತ ಮೇಲಿನ ಗೆರೆ ದಾಟಿಸಬೇಡಿ, ಆಯಿಲ್ ನೊರೆಯಾಗುತ್ತದೆ. ಆಯಿಲ್ ಗ್ರೇಡ್ ಕಾರಿನ ಪುಸ್ತಕದಲ್ಲಿ ಇದ್ದದ್ದೇ ಇರಲಿ. ಪಕ್ಕದ ಮನೆಯವರ ಸಲಹೆ ಬೇಡ.

ಇನ್ನು ಏರು. ತಿರುವಿನೊಳಗೆ ಹೋದ ಮೇಲೆ ಗೇರ್ ಹುಡುಕಬೇಡಿ. ತಿರುವಿಗೆ ಮೊದಲೇ ಎರಡಕ್ಕೆ ಇಳಿಸಿ, ತೀರಾ ಕಡಿದಾಗಿದ್ದರೆ ಒಂದಕ್ಕೆ. ಆಟೊಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್‌ಗೆ ಹಾಕಿ. ಪೆಟ್ರೋಲ್ ಕಾರಿಗೆ 2500ರಿಂದ 3500 ಆರ್‌ಪಿಎಂ, ಡೀಸೆಲ್‌ಗೆ 1800ರಿಂದ 2500 ಸಾಕು. ಮೀಟರ್ ಇಲ್ಲದಿದ್ದರೆ ಕಿವಿಯೇ ಮೀಟರ್. ಎಕ್ಸಿಲರೇಟರ್ ಒತ್ತಿದರೂ ವೇಗ ಏರುತ್ತಿಲ್ಲ, ಕಾರು ನಡುಗುತ್ತಿದೆ, ಟಕ್ ಟಕ್ ಸದ್ದು ಬರುತ್ತಿದೆ ಅಂದರೆ ಗೇರ್ ಇಳಿಸಿ. ಎಂಜಿನ್ ಕೂಗಿದರೆ ಹೆದರಬೇಡಿ, ಗೊಣಗಿದರೆ ಹೆದರಿ.

ಸುಮ್ನೆ ಕೆಂಪು ಗೆರೆವರೆಗೆ ಎಳೆಯುವುದರಿಂದಲೂ ಲಾಭವಿಲ್ಲ. ಪ್ರೆಶರ್ ಒಂದು ಮಟ್ಟ ಮುಟ್ಟಿದ ಮೇಲೆ ರಿಲೀಫ್ ವಾಲ್ವ್ ತೆರೆದು ಹೆಚ್ಚಿನ ಆಯಿಲ್ ವಾಪಸ್ ಹೋಗುತ್ತದೆ. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಏರುವುದು ಬಿಸಿ ಮಾತ್ರ.

ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆಗಿಂಡಿ ದೀಪದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಅದು ಆಯಿಲ್ ಎಷ್ಟಿದೆ ಅಂತ ತೋರಿಸುವ ದೀಪವಲ್ಲ. ಪ್ರೆಶರ್ ಹೆಚ್ಚುಕಡಿಮೆ ಸತ್ತಾಗ, ಬಹಳ ಕಾರುಗಳಲ್ಲಿ 5 ಪಿಎಸ್‌ಐ ಆಸುಪಾಸಿಗೆ ಬಂದಾಗ, ಹೊತ್ತಿಕೊಳ್ಳುತ್ತದೆ. ಟೆಂಪರೇಚರ್ ಮುಳ್ಳು ಏರತೊಡಗಿದರೆ ಎಸಿ ಆರಿಸಿ ಜಾಗ ನೋಡಿಕೊಂಡು ನಿಲ್ಲಿಸುವಷ್ಟು ಪುರುಸೊತ್ತು ಸಿಗುತ್ತದೆ. ಈ ದೀಪಕ್ಕೆ ಅಷ್ಟು ಪುರುಸೊತ್ತಿಲ್ಲ. ಕೂಡಲೇ ಪಕ್ಕಕ್ಕೆ ತಂದು ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಮುಂದಿನ ಗ್ಯಾರೇಜ್‌ವರೆಗೆ ಓಡಿಸೋಣ ಅಂದವರ ಎಂಜಿನ್ ಬೋರಿಗೆ, ಅಂದರೆ ಬಿಚ್ಚಿ ರಿಪೇರಿ ಮಾಡಿಸುವ ಹಂತಕ್ಕೆ, ಬಂದಿದೆ. ಆಯಿಲ್ ತುಂಬಿಸಿದ ಮೇಲೂ ದೀಪ ಆರದಿದ್ದರೆ ಟೋಯಿಂಗ್‌ಗೆ ಹೇಳಿ. ಬಿಸಿಯಾದಾಗ, ಅದೂ ಐಡ್ಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಓಡುತ್ತಿರುವಾಗ) ಮಾತ್ರ ದೀಪ ಮಿಣುಕುತ್ತಿದ್ದರೆ ಆಯಿಲ್ ತೆಳುವಾಗಿರಬೇಕು ಇಲ್ಲವೇ ಬೇರಿಂಗ್ ಸವೆದಿರಬೇಕು. ಮೆಕ್ಯಾನಿಕ್‌ಗೆ ತೋರಿಸದೆ ಘಾಟ್ ಕಡೆ ಹೋಗಬೇಡಿ.

ಟರ್ಬೊ ಕಾರಿನವರಿಗೆ ಇನ್ನೊಂದು ಮಾತು. ಹತ್ತಿ ಮುಗಿಸಿ ಚಹಾಕ್ಕೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸಬೇಡಿ. ಕೆಂಡದಂತಿರುವ ಟರ್ಬೊಗೂ ಹೋಗುವುದು ಅದೇ ಆಯಿಲ್. ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಅಷ್ಟರಲ್ಲಿ ಯಾರಾದರೂ ಚಹಾ ಹೇಳಿ ಬರಲಿ.