ವಾಲಿಯ ಪ್ರಶ್ನೆ, ಪಿಯಾನೊದ ಉತ್ತರ: ಒಂದು ಕನ್ಸರ್ಟೊವನ್ನು ಕೇಳಲು ಕಲಿತ ನನ್ನ ಅನುಭವ

ಬೇಥೋವನ್‌ನ ನಾಲ್ಕನೆಯ ಪಿಯಾನೊ ಕನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಮೂರು ಭಾಗಗಳ ಕೃತಿ) ಐವರು ವಾದಕರು ನುಡಿಸಿದ್ದನ್ನು ಹೆಸರು ಹೇಳದೆ ಕೇಳಿಸಿದರೆ, ನುಡಿಸುತ್ತಿರುವವರು ಯಾರು, ಅವರು ಆ ಕೃತಿಗೆ ಯಾವ ಅರ್ಥ ಹೇಳುತ್ತಿದ್ದಾರೆ ಎಂಬುದನ್ನು ಬಹುಮಟ್ಟಿಗೆ ತಿಳಿಸಬಲ್ಲ ಹನ್ನೊಂದು ಜನ ಕೇಳುಗರು ಇಂದು ಶಿರಸಿಯ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಯಾರೂ ಪಿಯಾನೊ ಕಲಿತವರಲ್ಲ. ಹೆಚ್ಚಿನವರು ಅಡಿಕೆ ತೋಟದವರು, ಇಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವ ಹಾರ್ಮೋನಿಯಂ ವಾದಕರು. ಇದು ಆಗದ ಕೆಲಸ ಎಂದು ಹೇಳಿದವರು ಬಹಳ ಜನ ಇದ್ದುದರಿಂದ, ಆದದ್ದು ಹೇಗೆ ಎಂಬುದನ್ನು ಇಂತಹ ಕೇಳುಗರ ಕೂಟಗಳನ್ನು ನಡೆಸುತ್ತಿರುವ ಗೆಳೆಯರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಸೋಲಿನ ಲೆಕ್ಕವನ್ನು ಒಪ್ಪಿಸುತ್ತೇನೆ. 2012ರ ದೀಪಾವಳಿಯ ನಂತರ ನಮ್ಮ ಮನೆಯ ಮೆತ್ತಿನ ಮೇಲೆ ಮೊದಲ ಕೂಟ ನಡೆಯಿತು. ಇಪ್ಪತ್ತೆರಡು ಜನ ಬಂದಿದ್ದರು. ನಾನು ಅರ್ಧ ಗಂಟೆ ಸೊನಾಟಾ ರೂಪದ ಬಗ್ಗೆ ಮಾತನಾಡಿ, ಆಮೇಲೆ ಮೂವತ್ತನಾಲ್ಕು ನಿಮಿಷಗಳ ಇಡೀ ಕನ್ಸರ್ಟೊವನ್ನು ಒಂದೇ ಸಲ ಕೇಳಿಸಿದೆ. ಮುಂದಿನ ತಿಂಗಳು ಒಂಬತ್ತು ಜನ ಬಂದರು, ಅದರ ಮುಂದಿನ ತಿಂಗಳು ನಾಲ್ಕೇ ಜನ. ಆ ನಾಲ್ವರಲ್ಲಿ ಒಬ್ಬರಾದ, ಐವತ್ತು ವರ್ಷಗಳಿಂದ ಹಿಂದೂಸ್ತಾನಿ ಸಂಗೀತ ಕೇಳಿಕೊಂಡು ಬಂದ ಹಿರಿಯರು, ಹೊರಡುವಾಗ ಹೇಳಿದರು: “ಹೆಗಡೇರೆ, ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಬರೆದಿಟ್ಟಿದ್ದನ್ನೇ ಎಲ್ಲರೂ ನುಡಿಸುತ್ತಾರೆ ಅಂದಮೇಲೆ ಒಬ್ಬನನ್ನು ಕೇಳಿದರೆ ಸಾಲದೆ?” ಆ ಪ್ರಶ್ನೆಗೆ ನನ್ನಲ್ಲಿ ಅಂದು ಉತ್ತರವಿರಲಿಲ್ಲ. ಮುಂದಿನ ಆರು ವರ್ಷಗಳ ಕೆಲಸವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿದ್ದೇ ಆಗಿದೆ.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ಆಂಪ್ಲಿಫೈಯರಿಗೆ ಸುಮಾರು 9,000 ರೂಪಾಯಿ, ಸ್ಪೀಕರ್ ಜೋಡಿಗೆ 14,000 ರೂಪಾಯಿ ಆಯಿತು. ಎರಡನೆಯ ಮಳೆಗಾಲದಲ್ಲಿಯೇ ಒಂದು ಸ್ಪೀಕರಿನ ಕಾಗದದ ಕೋನಿಗೆ ಬೂಷ್ಟು ಹಿಡಿಯಿತು. ಅದನ್ನು ರಿಪೇರಿ ಮಾಡಿಕೊಟ್ಟವನು 2,200 ರೂಪಾಯಿ ತೆಗೆದುಕೊಂಡು, ಎರಡು ತಂತಿಗಳನ್ನು ತಿರುವುಮುರುವಾಗಿ ಜೋಡಿಸಿದ್ದ. ವಾದ್ಯವೃಂದದ ಕೆಳಸ್ವರಗಳು ಸೊರಗಿದ್ದು ಆ ಕಾರಣದಿಂದ ಎಂದು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಡಿಸ್ಕುಗಳು ಒಂದೊಂದಕ್ಕೆ 400ರಿಂದ 1,200 ರೂಪಾಯಿ. ಇನ್ವರ್ಟರ್ ಸೇರಿ ಒಟ್ಟು ಎಪ್ಪತ್ತೈದು ಸಾವಿರ ದಾಟಿರಬೇಕು. ಕೋಣೆಯ ಪ್ರತಿಧ್ವನಿಯನ್ನು ತಗ್ಗಿಸಲು ಮಾತ್ರ ಒಂದು ಪೈಸೆಯೂ ಖರ್ಚಾಗಲಿಲ್ಲ. ಚಾಲಿ (ಒಣಗಿಸಿದ ಅಡಿಕೆ) ತುಂಬಿದ ಗೋಣಿಚೀಲಗಳನ್ನು ಹಿಂದಿನ ಗೋಡೆಗೆ ಎದೆಮಟ್ಟಕ್ಕೆ ಪೇರಿಸಿ, ಮೇಲೆ ಎರಡು ಕಂಬಳಿ ಹೊದಿಸಿದಾಗ, ಪಿಯಾನೊದ ಸ್ವರಗಳ ಅಂಚುಗಳು ಸ್ಪಷ್ಟವಾದವು. ಅಡಿಕೆ ಮಾರಾಟವಾಗಿ ಚೀಲಗಳು ಖಾಲಿಯಾದ ವರ್ಷ ಧ್ವನಿ ಮತ್ತೆ ಕೆಟ್ಟಿತು. ಈಗ ಕೂಟದ ಸಲುವಾಗಿ ಎಂಟು ಚೀಲಗಳನ್ನು ಮಾರದೆ ಉಳಿಸಿಕೊಳ್ಳುತ್ತೇನೆ.

ನಡುವೆ ತಂಬೂರಿಯ ಪ್ರಯೋಗವೂ ನಡೆಯಿತು. ಈ ಕನ್ಸರ್ಟೊ ಜಿ ಮೇಜರಿನಲ್ಲಿದೆ, ಎಂದರೆ ಅದರ ಷಡ್ಜ ನಮ್ಮ ಹಾರ್ಮೋನಿಯಮ್ಮಿನ ಬಿಳಿ ಐದು. ಸ್ವರಗಳು ಬಿಲಾವಲ್‌ನವೇ ಆದ್ದರಿಂದ, ಬಿಳಿ ಐದಕ್ಕೆ ಶ್ರುತಿ ಹಿಡಿದು ಜೊತೆಗೆ ಕೇಳಿಸಿದರೆ ನಮ್ಮವರಿಗೆ ದಾರಿ ಸಿಗಬಹುದೆಂದು ಭಾವಿಸಿದೆ. ವಾದ್ಯವೃಂದಕ್ಕೆ ಮೊದಲು ದಾರಿ ಬಿಡುವ ರೂಢಿಯನ್ನು ಮುರಿದು, ಇಲ್ಲಿ ಪಿಯಾನೊ ತಾನೊಂದೇ ಮೆಲ್ಲಗೆ ಐದು ಬಾರ್‌ಗಳನ್ನು (ನಮ್ಮ ತಾಳದ ಆವರ್ತದಂತಹ ಅಳತೆ) ನುಡಿಸಿ ಕೃತಿಯನ್ನು ಆರಂಭಿಸುತ್ತದೆ. ಅಲ್ಲಿಯವರೆಗೆ ತಂಬೂರಿ ಸುಖವಾಗಿ ಹೊಂದಿಕೊಂಡಿತು. ಆರನೆಯ ಬಾರಿನಲ್ಲಿ ತಂತಿವಾದ್ಯಗಳು ಬಿ ಮೇಜರಿನಲ್ಲಿ, ಎಂದರೆ ಬೇರೆಯೇ ಷಡ್ಜದಲ್ಲಿ, ಪ್ರವೇಶಿಸಿದ ಕೂಡಲೇ, ಆ ಸ್ವರಮೇಳದ ಡಿ ಶಾರ್ಪಿಗೂ ತಂಬೂರಿಯ ಪಂಚಮವಾದ ಡಿಗೂ ಘರ್ಷಣೆಯಾಗಿ, ಕುಳಿತವರೆಲ್ಲ ಮುಖ ಹಿಂಡಿದರು. ಪ್ರಯೋಗ ಕೆಟ್ಟಿತು ಎಂದೇ ಅಂದುಕೊಂಡೆ. ಆದರೆ ಪಿಯಾನೊ ಹೇಳಿದ ಮಾತನ್ನು ವಾದ್ಯವೃಂದ ಎಷ್ಟು ದೂರದ ಊರಿನಿಂದ ಮರುನುಡಿಯುತ್ತಿದೆ ಎಂಬುದನ್ನು ನನ್ನ ಯಾವ ವಿವರಣೆಯೂ ಅಷ್ಟು ಚೆನ್ನಾಗಿ ತೋರಿಸಿರಲಿಲ್ಲ. ಹೊಸಬರಿಗೆ ಈಗಲೂ ಅದನ್ನು ಒಮ್ಮೆ ಮಾಡಿ ತೋರಿಸಿ, ತಂಬೂರಿಯನ್ನು ಬದಿಗಿಡುತ್ತೇನೆ.

ಸ್ಟಾಪ್‌ವಾಚ್ ಹಿಡಿದು ಕಾಲವನ್ನು ಅಳೆದದ್ದು ಇನ್ನೊಂದು ಸೋಲು. ಎರಡನೆಯ ಭಾಗವು ಕೇವಲ 72 ಬಾರ್‌ಗಳದ್ದಾದರೂ, ನನ್ನ ಅಳತೆಯಲ್ಲಿ ಅದು ಐದು ನಿಮಿಷಕ್ಕಿಂತ ಕಡಿಮೆಯಿಂದ ಆರು ನಿಮಿಷಕ್ಕೂ ಮೇಲೆ ಓಡಾಡುತ್ತಿತ್ತು. ಅಂಕಿಗಳು ಸಿಕ್ಕಿದ್ದೇ ಎಲ್ಲರೂ ಅಂಕಿಗಳ ಮೇಲೆ ವಾದಕ್ಕಿಳಿದರು, ಸಂಗೀತವನ್ನು ಕೇಳುವವರು ಇಲ್ಲವಾದರು. ಎರಡು ಕೂಟಗಳ ನಂತರ ಗಡಿಯಾರವನ್ನು ನಿಷೇಧಿಸಿದೆ.

ದಾರಿ ತೋರಿಸಿದ್ದು ತಾಳಮದ್ದಳೆ, ಎಂದರೆ ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನ. 2016ರ ಮಳೆಗಾಲದಲ್ಲಿ ನಮ್ಮ ಪಕ್ಕದ ಊರಿನ ದೇವಸ್ಥಾನದಲ್ಲಿ ವಾಲಿವಧೆಯ ಕೂಟವಿತ್ತು. ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಬಿದ್ದ ವಾಲಿ ಗದರಿ ಕೇಳುತ್ತಾನೆ, ರಾಮ ತಗ್ಗಿದ ಧ್ವನಿಯಲ್ಲಿ ಉತ್ತರಿಸುತ್ತಾನೆ, ವಾಲಿಯ ಪ್ರಶ್ನೆಗಳು ಕಿರಿದಾಗುತ್ತ, ಮೆತ್ತಗಾಗುತ್ತ ಕೊನೆಗೆ ಅವನು ಶರಣಾಗುತ್ತಾನೆ. ಅದನ್ನು ಕೇಳುತ್ತಿದ್ದಂತೆಯೇ ನನ್ನ ಮೈ ಜುಮ್ಮೆಂದಿತು. ನಾಲ್ಕನೆಯ ಕನ್ಸರ್ಟೊದ ಎರಡನೆಯ ಭಾಗದಲ್ಲಿ ನಡೆಯುವುದು ಅಕ್ಷರಶಃ ಇದೇ ಆಗಿದೆ. ತಂತಿವಾದ್ಯಗಳೆಲ್ಲ ಒಂದೇ ಸ್ವರಸಾಲನ್ನು ಹಿಡಿದು, ಕಡಿದು ಕಡಿದು, ಗಟ್ಟಿಯಾಗಿ ಪ್ರಶ್ನಿಸುತ್ತವೆ. ಪಿಯಾನೊ ಸ್ವರಮೇಳಗಳಲ್ಲಿ ಹಾಡುವಂತೆ, ಮೆಲ್ಲಗೆ ಉತ್ತರ ಕೊಡುತ್ತದೆ. ಪ್ರಶ್ನೆಗಳು ಕುಗ್ಗುತ್ತ ಬಂದು, ಕೊನೆಗೆ ತಂತಿಗಳು ಪಿಯಾನೊದ ಮೃದುತ್ವಕ್ಕೇ ಇಳಿಯುತ್ತವೆ. ಯುರೋಪಿನವರು ಇದನ್ನು ಪಾತಾಳದ ಉಗ್ರದೇವತೆಗಳನ್ನು ಹಾಡಿನಿಂದ ಒಲಿಸುವ ಆರ್ಫಿಯಸ್‌ನ ಕಥೆಗೆ ಹೋಲಿಸುವುದುಂಟು. ನಮ್ಮ ಸೀಮೆಯ ಕಿವಿಗೆ ವಾಲಿಯೇ ಹತ್ತಿರದವನು.

ಹಿರಿಯರ ಹಳೆಯ ಪ್ರಶ್ನೆಗೂ ಅಲ್ಲಿಯೇ ಉತ್ತರ ಸಿಕ್ಕಿತು. ಭಾಗವತರು ಹಾಡುವ ಪದ್ಯ ಎಲ್ಲ ಕೂಟಗಳಲ್ಲೂ ಒಂದೇ. ಆದರೂ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಇಂದಿನ ಅರ್ಥಧಾರಿಯ ರಾಮ ನ್ಯಾಯಾಧೀಶನಂತೆ ನುಡಿದರೆ, ಇನ್ನೊಬ್ಬರ ರಾಮನ ಮಾತಿನಲ್ಲಿ ಮಾಡಿದ ಕೆಲಸದ ಅಳುಕು ಇಣುಕುತ್ತದೆ. ಅದಕ್ಕಾಗಿಯೇ ನಾವು ಒಂದೇ ಪ್ರಸಂಗಕ್ಕೆ ನೂರು ಸಲ ಹೋಗುತ್ತೇವೆ. ಬರೆದಿಟ್ಟ ಸ್ವರಲಿಪಿ ಪದ್ಯವಾದರೆ ಪಿಯಾನೊ ವಾದಕನೇ ಅರ್ಥಧಾರಿ.

ಅಲ್ಲಿಂದ ರೂಢಿಸಿಕೊಂಡ ವಿಧಾನ ಹೀಗಿದೆ. ಕೂಟದಲ್ಲಿ ಎರಡನೆಯ ಭಾಗವನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ತಂತಿವಾದ್ಯಗಳ ಮೊದಲ ಪ್ರಶ್ನೆ ಮುಗಿದ ಕೂಡಲೇ ಯಂತ್ರವನ್ನು ನಿಲ್ಲಿಸಿ, ಕುಳಿತವರಲ್ಲಿ ಒಬ್ಬರಿಂದ ರಾಮನ ಉತ್ತರವನ್ನು ಕನ್ನಡದಲ್ಲಿ ಹೇಳಿಸುತ್ತೇನೆ. ಒಂದೆರಡು ವಾಕ್ಯ ಸಾಕು, ಆದರೆ ಆ ಗದರಿಕೆಗೆ ತಕ್ಕ ಧ್ವನಿಯಲ್ಲಿಯೇ ಹೇಳಬೇಕು. ಆಮೇಲೆ ಪಿಯಾನೊದ ಉತ್ತರವನ್ನು ಕೇಳಿಸುತ್ತೇನೆ. ತಾನು ಆಗಷ್ಟೇ ಒಂದು ಉತ್ತರ ಕೊಟ್ಟವನಿಗೆ, ಆ ವಾದಕ ಎಷ್ಟು ಹೊತ್ತು ತಡೆದು ಬಾಯಿ ತೆರೆದ, ಯಾವ ಸ್ವರದ ಮೇಲೆ ಭಾರ ಹಾಕಿದ, ವಾಕ್ಯದ ಕೊನೆಯನ್ನು ನುಂಗಿದನೋ ಚಾಚಿದನೋ ಎಂಬುದೆಲ್ಲ ತಾನಾಗಿಯೇ ಕೇಳಿಸುತ್ತದೆ. ಹೀಗೆ ಇಡೀ ಭಾಗವನ್ನು ಮುಗಿಸಲು ಒಂದು ಗಂಟೆ ಬೇಕಾಗುತ್ತದೆ. ಮುಂದಿನ ತಿಂಗಳು ಅದೇ ಭಾಗ, ಬೇರೆ ವಾದಕ. ಯಾರ ನಂತರ ಯಾರನ್ನು ಕೇಳಿಸಬೇಕು ಎಂಬುದರಲ್ಲಿ ಒಂದು ಗುಟ್ಟಿದೆ. ಕ್ರಮ ತಪ್ಪಿದರೆ ಎಲ್ಲರೂ ಮೊದಲು ಕೇಳಿದವನಿಗೇ ಅಂಟಿಕೊಳ್ಳುತ್ತಾರೆ. ಆ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕೂಟದಲ್ಲಿ ಒಂದು ವರ್ಷ ಕುಳಿತವರಿಗೆ ಅದು ಗೊತ್ತಾಗುತ್ತದೆ.

ನಾವು ಇಟ್ಟುಕೊಂಡ ಐದು ಧ್ವನಿಮುದ್ರಣಗಳೆಂದರೆ, ಮಾಲ್ಕಮ್ ಸಾರ್ಜೆಂಟ್ ಅವರ ವಾದ್ಯವೃಂದ ನಿರ್ದೇಶನದಲ್ಲಿ ಆರ್ಟುರ್ ಶ್ನಾಬೆಲ್ ನುಡಿಸಿದ 1933ರದ್ದು, ನಿರ್ದೇಶಕ ಲಿಯೊಪೋಲ್ಡ್ ಲುಡ್ವಿಗ್ ಜೊತೆಗೆ ಎಮಿಲ್ ಗಿಲೆಲ್ಸ್ ಅವರ 1957ರದ್ದು, ಲೈಟ್ನರ್ ಜೊತೆಗೆ ವಿಲ್ಹೆಲ್ಮ್ ಕೆಂಫ್ ಅವರದ್ದು ಮತ್ತು ಬರ್ನ್‌ಸ್ಟೈನ್ ಜೊತೆಗೆ ಗ್ಲೆನ್ ಗೌಲ್ಡ್ ಅವರದ್ದು, ಇವೆರಡೂ 1961ರವು, ಕೊನೆಗೆ ಕಾರ್ಲ್ ಬೋಮ್ ಜೊತೆಗೆ ಮೌರಿಸಿಯೊ ಪೊಲ್ಲಿನಿ ಅವರ 1976ರದ್ದು. ನನ್ನ ಅಭಿಪ್ರಾಯದಲ್ಲಿ ಗಿಲೆಲ್ಸ್ ಅವರ ರಾಮ ಎಲ್ಲರಿಗಿಂತ ದೊಡ್ಡವನು. ಕೈಯಲ್ಲಿ ಅಷ್ಟು ಬಲವಿದ್ದೂ ಅದನ್ನು ಬಳಸದೆ ಮಾತನಾಡುವವನ ಗಾಂಭೀರ್ಯ ಅಲ್ಲಿದೆ. ಕೆಂಫ್ ಅವರಲ್ಲಿ ಹಗುರವಾದ, ಹತ್ತಿರ ಕುಳಿತು ಸಮಾಧಾನ ಹೇಳುವ ಧ್ವನಿಯಿದೆ. ನಮ್ಮ ಕೂಟದ ಹೆಂಗಸರೆಲ್ಲ ಅವರ ಪಕ್ಷ. ಗೌಲ್ಡ್ ಒಂದೊಂದು ಸ್ವರವನ್ನೂ ಬೇರ್ಪಡಿಸಿ ಇಡುತ್ತಾರೆ. ವಾಲಿಯ ಮುಖ ನೋಡದೆ ತನ್ನೊಳಗೇ ವಿಚಾರ ಮಾಡುವ ರಾಮ ಅವರದ್ದು ಎಂದು ನಮ್ಮ ಹಾರ್ಮೋನಿಯಂ ವಾದಕರು ಹೇಳಿದ್ದು ನನಗೆ ಬಹಳ ಸರಿಯೆನಿಸಿತು.

ಈ ಭಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಡ ಪೆಡಲನ್ನು ಒತ್ತಿಕೊಂಡೇ ನುಡಿಸಬೇಕು, ಒಂಟಿ ಪಿಯಾನೊದ ದೀರ್ಘ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಅದಲುಬದಲು ನುಡಿಸುವುದು) ಬಂದಾಗ ಮಾತ್ರ ಅದನ್ನು ಹಂತಹಂತವಾಗಿ ಬಿಟ್ಟು ಮತ್ತೆ ಒತ್ತಬೇಕು ಎಂದು ಬೇಥೋವನ್ ಬರೆದಿಟ್ಟಿದ್ದಾನೆ. ಅವನ ಕಾಲದ ವಿಯೆನ್ನಾದ ಪಿಯಾನೊಗಳಲ್ಲಿ ಆ ಪೆಡಲ್ ಒತ್ತಿದರೆ ಸುತ್ತಿಗೆ ಸರಿದು ಮೂರರ ಬದಲು ಒಂದೇ ತಂತಿಗೆ ತಾಗುವಷ್ಟು ದೂರ ಹೋಗಬಹುದಿತ್ತು. ಇಂದಿನ ಪಿಯಾನೊದಲ್ಲಿ ಅದು ಎರಡು ತಂತಿಗಳಿಗಿಂತ ಕೆಳಗೆ ಹೋಗುವುದಿಲ್ಲ. ಹೀಗಾಗಿ ಬರೆದದ್ದನ್ನು ಬರೆದಂತೆಯೇ ನುಡಿಸುವುದು ಈಗ ಸಾಧ್ಯವಿಲ್ಲ. ಆ ಒಂಟಿ ತಂತಿಯ ಧ್ವನಿಯನ್ನು ಪ್ರತಿಯೊಬ್ಬ ವಾದಕನೂ ತನ್ನ ಬೆರಳಿನಿಂದಲೇ ಹುಡುಕಿಕೊಳ್ಳಬೇಕು. ಅರ್ಥಗಾರಿಕೆ ಎಲ್ಲಿ ಹುಟ್ಟುತ್ತದೆ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವ ಜಾಗ ಇದೇ. ಆ ಟ್ರಿಲ್ ಬಂದಾಗ ನಾನು ಎಂದಿಗೂ ಯಂತ್ರವನ್ನು ನಿಲ್ಲಿಸುವುದಿಲ್ಲ, ಯಾರಿಂದಲೂ ಮಾತನ್ನು ಹೇಳಿಸುವುದಿಲ್ಲ.

ಹೆಸರು ಹೇಳದೆ ಕೇಳಿಸುವ ಪರೀಕ್ಷೆಯನ್ನು ಮೊದಲು 2018ರಲ್ಲಿ ಇಟ್ಟಾಗ ನಾನೇ ಮೋಸ ಹೋದೆ. ಶ್ನಾಬೆಲ್ ಅವರ ಹಳೆಯ ಮುದ್ರಣವನ್ನು ಅದರ ಸರಸರ ಸದ್ದಿನಿಂದ, ಗೌಲ್ಡ್ ಅವರನ್ನು ನುಡಿಸುತ್ತಲೇ ಗುನುಗುವ ಅವರ ಅಭ್ಯಾಸದಿಂದ ಎಲ್ಲರೂ ಗುರುತಿಸಿಬಿಟ್ಟರು. ಸಂಗೀತವನ್ನು ಗುರುತಿಸಿದವರು ಇಬ್ಬರೋ ಮೂವರೋ ಅಷ್ಟೇ. ಮುಂದಿನ ಸಲ ಐದನ್ನೂ ಒಂದು ಹಳೆಯ ರೇಡಿಯೊದ ಸಣ್ಣ ಸ್ಪೀಕರಿನಲ್ಲಿ, ಮೇಲಿನ ಸ್ವರಗಳನ್ನು ತಗ್ಗಿಸಿ ಕೇಳಿಸಿದೆ. ಗಟ್ಟಿಯಾಗಿ ಕೇಳಿಸಿದ್ದೇ ಎಲ್ಲರಿಗೂ ಚೆಂದವೆನಿಸುವುದರಿಂದ ಐದರ ಮಟ್ಟವನ್ನೂ ಸಮ ಮಾಡಿಕೊಳ್ಳಬೇಕು. ಅದಕ್ಕೆ ನಾನು ಮೀಟರ್ ಬಳಸುವುದಿಲ್ಲ, ಬಳಸುವುದೇನು ಎಂಬುದು ನನ್ನಲ್ಲಿಯೇ ಇರಲಿ. ಆ ಪರೀಕ್ಷೆಯಲ್ಲಿ ಹನ್ನೊಂದು ಜನರಲ್ಲಿ ಆರು ಜನ ಐದನ್ನೂ ಸರಿಯಾಗಿ ಹೇಳಿದರು, ಮೂರಕ್ಕಿಂತ ಕಡಿಮೆ ಯಾರದ್ದೂ ಇರಲಿಲ್ಲ. ಒಬ್ಬನನ್ನು ಕೇಳಿದರೆ ಸಾಲದೆ ಎಂದಿದ್ದ ಹಿರಿಯರು ಐದನ್ನೂ ಹೇಳಿದವರಲ್ಲಿ ಒಬ್ಬರು. ಅಂದು ರಾತ್ರಿ ಅವರು ಗಿಲೆಲ್ಸ್ ಅವರ ಡಿಸ್ಕನ್ನು ಕೇಳಿ ತೆಗೆದುಕೊಂಡು ಹೋದರು. ಅದು ಹಿಂತಿರುಗಿದ್ದು ಏಳು ತಿಂಗಳ ಮೇಲೆ.

ಎರಡನೆಯ ಭಾಗ ಕೈವಶವಾದ ಮೇಲೆ ಮೊದಲ ಭಾಗದ ಕಡೆನ್ಜಾಕ್ಕೆ ಹೋದೆವು. ವಾದ್ಯವೃಂದ ಸುಮ್ಮನಾಗಿ ವಾದಕ ಒಬ್ಬನೇ ಮಾತನಾಡುವ ಈ ಜಾಗ ನಮ್ಮವರಿಗೆ ಅರ್ಥಧಾರಿಯ ಪೀಠಿಕೆಯನ್ನು ನೆನಪಿಸಿದ್ದರಿಂದ ವಿವರಣೆಯೇ ಬೇಕಾಗಲಿಲ್ಲ. ಈ ಭಾಗಕ್ಕೆ ಬೇಥೋವನ್ ತಾನೇ ಕಡೆನ್ಜಾಗಳನ್ನು ಬರೆದಿಟ್ಟಿದ್ದರೂ, ಕ್ಲಾರಾ ಶೂಮನ್, ಬ್ರಾಮ್ಸ್, ಬುಸೋನಿ ಮುಂತಾದ ಮುಂದಿನ ಕಾಲದ ಸಂಗೀತಕಾರರು ತಮ್ಮವನ್ನು ಬರೆದರು. ಕೆಂಫ್ ನುಡಿಸುವುದು ತಾವೇ ರಚಿಸಿದ್ದನ್ನು. ಅದನ್ನು ಮೊದಲ ಸಲ ಕೇಳಿಸಿದಾಗ, ಮುಂಚೆ ಏನೂ ತಿಳಿಸದೆ ಇದ್ದರೂ, “ಇದು ಆ ಮುದುಕರದ್ದೇ ಮಾತು, ಪದ್ಯದ್ದಲ್ಲ” ಎಂದು ಶಿಕ್ಷಕಿಯೊಬ್ಬರು ತಟ್ಟನೆ ಹೇಳಿದರು. ಆರು ವರ್ಷಗಳ ಖರ್ಚು ಆ ಕ್ಷಣಕ್ಕೆ ನನಗೆ ವಸೂಲಾಯಿತು.

ಒಂದು ತಪ್ಪನ್ನು ತಡವಾಗಿ ತಿದ್ದಿಕೊಂಡೆ. ಎರಡನೆಯ ಭಾಗ ಇ ಮೈನರಿನಲ್ಲಿ ಉಸಿರಿನಷ್ಟು ಮೆಲ್ಲಗೆ ಮುಗಿದೊಡನೆ ನಾನು ಯಂತ್ರವನ್ನು ನಿಲ್ಲಿಸಿಬಿಡುತ್ತಿದ್ದೆ. ಬೇಥೋವನ್ ಅಲ್ಲಿ ಬಿಡುವು ಕೊಟ್ಟಿಲ್ಲ. ಮೂರನೆಯ ಭಾಗ ನೇರವಾಗಿ ಹಿಂದೆಯೇ ಬರಬೇಕು. ಅದು ಕೂಡ ಜಿಯಲ್ಲಿ ಆರಂಭವಾಗದೆ, ತಂತಿವಾದ್ಯಗಳ ಪಿಸುಮಾತಿನಂತಹ ಸಿ ಮೇಜರಿನಲ್ಲಿ ಆರಂಭವಾಗುತ್ತದೆ, ಮತ್ತು ಈವರೆಗೆ ಬಾಯಿ ತೆರೆಯದಿದ್ದ ಟ್ರಂಪೆಟ್ಟು ನಗಾರಿಗಳು ಇದೇ ಭಾಗದಲ್ಲಿ ಮೊದಲ ಸಲ ಕೇಳಿಸುತ್ತವೆ. ಗದರಿದ ತಂತಿಗಳೇ ಈಗ ಹೆಜ್ಜೆ ಹಾಕುತ್ತ ಬರುವುದನ್ನು ಕೇಳದೆ ಪಿಯಾನೊದ ಉತ್ತರ ಫಲಿಸಿತೋ ಇಲ್ಲವೋ ಎಂದು ತೀರ್ಮಾನಿಸುವಂತಿಲ್ಲ. ಈಗ ನಗಾರಿ ಕೇಳಿಸುವವರೆಗೆ ಬಿಟ್ಟು, ಆಮೇಲೆ ನಿಲ್ಲಿಸುತ್ತೇನೆ.

ಈ ದೀಪಾವಳಿಯ ನಂತರ ಶ್ನಾಬೆಲ್ ಅವರದ್ದೇ ಎರಡು ಮುದ್ರಣಗಳನ್ನು ಎದುರುಬದುರು ಇಡಲಿದ್ದೇನೆ: ಲಂಡನ್ನಿನ 1933ರದ್ದು ಮತ್ತು ಶಿಕಾಗೊದಲ್ಲಿ ಫ್ರೆಡರಿಕ್ ಸ್ಟಾಕ್ ಜೊತೆಗೆ 1942ರಲ್ಲಿ ನುಡಿಸಿದ್ದು. ಒಬ್ಬನೇ ಅರ್ಥಧಾರಿ ಒಂಬತ್ತು ವರ್ಷಗಳ ನಂತರ ಅದೇ ರಾಮನನ್ನು ಹೇಗೆ ನುಡಿಸಿದ ಎಂಬುದನ್ನು ಹನ್ನೊಂದು ಜನರಿಂದಲೂ ಬರೆಯಿಸಿಕೊಳ್ಳುವ ಯೋಚನೆಯಿದೆ. ಎಂಟು ಚೀಲ ಚಾಲಿಯನ್ನು ಈಗಾಗಲೇ ಎತ್ತಿಟ್ಟಿದ್ದೇನೆ.