98 ಕೆಜಿಯ ಪ್ರಾಪ್: ತೂಕ ಏರಿಸದೆ ಕರಾರು ಪಡೆದ ನನ್ನ ಅನುಭವ

ರಗ್ಬಿ ಲೀಗ್‌ನಲ್ಲಿ ನಾನು ಪ್ರಾಪ್, ಅಂದರೆ ಮೈದಾನದ ನಡುವೆ (ಮಿಡ್ಲ್) ಎದುರಾಳಿಗೆ ಢಿಕ್ಕಿ ಕೊಡುವ ಮುಂಚೂಣಿ ಆಟಗಾರ. 98 ಕೆಜಿಯವನು ಮಿಡ್ಲ್‌ನಲ್ಲಿ ನಿಲ್ಲಲಾರ ಎಂದು ನನಗೆ ಹೇಳದ ಕೋಚ್ ಇಲ್ಲ. ಹದಿಹರೆಯದವರ ಟೂರ್ನಿಯಾದ ಎಸ್‌ಜಿ ಬಾಲ್‌ಗೆ ಆಡುವ ತಂಡದ ಪಟ್ಟಿಯಿಂದ ನನ್ನನ್ನು ಕೈಬಿಟ್ಟದ್ದೂ ಇದೇ ಕಾರಣಕ್ಕೆ. ಈಗ ಅಗ್ರ ಲೀಗ್ ಎನ್‌ಆರ್‌ಎಲ್‌ನ ಕೆಳಗಿನ ಹಂತವಾದ ಎನ್‌ಎಸ್‌ಡಬ್ಲ್ಯೂ ಕಪ್‌ನಲ್ಲಿ ಪ್ರಾಪ್‌ನ 8ನೇ ನಂಬರ್ ಹಾಕಿಕೊಂಡು ಆಡುತ್ತಿದ್ದೇನೆ, ತೂಕ ಇವತ್ತಿಗೂ ಅಷ್ಟೇ. ಪಶ್ಚಿಮ ಸಿಡ್ನಿಯಲ್ಲಿ ಲೀಗ್ ಆಡುವ ನಮ್ಮ ಹುಡುಗರು ಇದು ಹೇಗಾಯಿತು ಎಂದು ಮತ್ತೆ ಮತ್ತೆ ಕೇಳುತ್ತಾರೆ, ಅವರಿಗಾಗಿ ಇದು.

ಮೊದಲು ದುಡ್ಡಿನ ಮಾತು. ಮಾಸ್ ಗೇನರ್, ಕ್ರಿಯೇಟಿನ್, ದಿನಕ್ಕೆ ಆರು ಊಟ ಎಲ್ಲ ಸೇರಿ ತಿಂಗಳಿಗೆ ನಾನೂರು ಡಾಲರ್ ಹತ್ತಿರ. ಮೇಲೆ ಜಿಮ್, ಫಿಸಿಯೊ, ಎಂ4 ಹೆದ್ದಾರಿಯ ಟೋಲ್. ಈಸ್ಟರ್ನ್ ಕ್ರೀಕ್‌ನ ಗೋದಾಮಿನಲ್ಲಿ ಬೆಳಗಿನ ನಾಲ್ಕರ ಪಾಳಿಯಲ್ಲಿ ದುಡಿದದ್ದು ಅರ್ಧಕ್ಕರ್ಧ ಇದಕ್ಕೇ ಹೋಗುತ್ತಿತ್ತು. ಎನ್‌ಎಸ್‌ಡಬ್ಲ್ಯೂ ಕಪ್‌ಗಿಂತ ಒಂದು ಹಂತ ಕೆಳಗಿನ ರಾನ್ ಮ್ಯಾಸಿ ಕಪ್‌ನಲ್ಲಿ ಗೆದ್ದ ವಾರ ನನ್ನ ಕೈಗೆ ಮುನ್ನೂರರ ಒಳಗೆ, ಸೋತರೆ ಅದೂ ಇಲ್ಲ. "ಪುಡಿಗೆ ಸುರಿದ ದುಡ್ಡಲ್ಲಿ ಒಂದು ಕಾರು ಬರ್ತಿತ್ತಲ್ಲೋ" ಅಂತ ಅಪ್ಪ ದಿನಾ ಅನ್ನೋರು. ಆ ಲೆಕ್ಕದಲ್ಲಿ 109ಕ್ಕೆ ಏರಿದೆ. ಹನ್ನೆರಡು ನಿಮಿಷ ಆಡುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಟ್ಯಾಕಲ್‌ನಿಂದ ಎದ್ದು ಹತ್ತು ಮೀಟರ್ ಹಿಂದಕ್ಕೆ ಓಡಿ ತಿರುಗುವ ಮೊದಲೇ ನಮ್ಮ ರಕ್ಷಣಾ ಸಾಲು (ಲೈನ್) ಮುಂದಕ್ಕೆ ಹೋಗಿರುತ್ತಿತ್ತು. ಮೊಣಕಾಲು ಊದಿ ಅರ್ಧ ಸೀಸನ್ ಹಾಳಾಯಿತು. ಮತ್ತೆ 98ಕ್ಕೇ ಇಳಿದೆ.

2020ರಲ್ಲಿ ಕೋವಿಡ್ ಬಂದು ಕೆಳಹಂತದ ಟೂರ್ನಿಗಳು ನಿಂತವು. ಅದೇ ವರ್ಷ ಎನ್‌ಆರ್‌ಎಲ್ ಸಿಕ್ಸ್ ಅಗೇನ್ ನಿಯಮ ತಂದಿತು. ಆಗ ರಕ್‌ನಲ್ಲಿ, ಅಂದರೆ ಟ್ಯಾಕಲ್ ಆದವನು ಎದ್ದು ಚೆಂಡು ಬಿಡುವ ಜಾಗದಲ್ಲಿ, ಎದುರಾಳಿ ತಡೆದರೆ ಆಟ ನಿಲ್ಲುತ್ತಿರಲಿಲ್ಲ, ಆರು ಟ್ಯಾಕಲ್‌ಗಳ ಎಣಿಕೆ ಮೊದಲಿನಿಂದ ಶುರುವಾಗುತ್ತಿತ್ತು. ಬೇಗ ಎದ್ದು ಚೆಂಡು ಹಿಂದಕ್ಕೆ ಬಿಡುವವನಿಗೆ ಬೆಲೆ ಬಂದದ್ದು ನನಗೆ ಅಲ್ಲಿ ಕಂಡಿತು. ಸೌತ್ ಸಿಡ್ನಿಯ ಕ್ಯಾಮರನ್ ಮರೆ ದೈತ್ಯನಲ್ಲ, ಆದರೆ ಅವನ ಪ್ಲೇ-ದ-ಬಾಲ್ (ಟ್ಯಾಕಲ್ ಆದ ಮೇಲೆ ಎದ್ದು ಚೆಂಡು ಹಿಂದಕ್ಕೆ ಬಿಡುವುದು) ನೋಡಿ. ಬೀಳುವಾಗಲೇ ಎದೆ ನೆಲಕ್ಕೆ, ಮೊಣಕೈ, ಮೊಣಕಾಲು, ಎದ್ದಾಯಿತು.

ಹಿತ್ತಲಲ್ಲಿ ತಮ್ಮನನ್ನು ಬೆನ್ನ ಮೇಲೆ ಹೇರಿಕೊಂಡು ಅದನ್ನೇ ಮಾಡಿದೆ. ಫೋನಿನಲ್ಲಿ ವಿಡಿಯೊ ಹಿಡಿದು ನೋಡಿದರೆ ಶುರುವಿನಲ್ಲಿ ನಾಲ್ಕೂವರೆ ಸೆಕೆಂಡು. ತಿಂಗಳುಗಟ್ಟಲೆ ತಿಕ್ಕಿದ ಮೇಲೆ ಮೂರಕ್ಕೆ ಬಂತು, ಒಳ್ಳೆಯ ದಿನ ಅದಕ್ಕೂ ಸ್ವಲ್ಪ ಕಡಿಮೆ. ನಮ್ಮ ಗ್ರೇಡ್‌ನಲ್ಲಿ ಅಷ್ಟು ಬೇಗ ಏಳುವ ಪ್ರಾಪ್‌ನನ್ನು ನಾನಂತೂ ಕಂಡಿಲ್ಲ. ಮೊಣಕೈ ಊರುವ ಮುಂಚೆ ಎಡಗೈಯಲ್ಲಿ ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಆಡುತ್ತಿದ್ದೇನೆ.

ನಡುವೆ ಒಂದು ಆಫ್ ಸೀಸನ್ ಮಂಡ್ಯಕ್ಕೆ ಹೋದಾಗ ಅಲ್ಲಿನ ಕಬಡ್ಡಿ ಹುಡುಗರ ಜೊತೆ ಕಣಕಾಲು ಹಿಡಿಯುವುದನ್ನು ಕಲಿತೆ. ಒಬ್ಬನಿಗೆ ಒಬ್ಬ ಎದುರಾದಾಗ ಚುರುಕಿನ ಹಾಫ್‌ಬ್ಯಾಕ್‌ನನ್ನು ಕೆಡವಲು ಬಹಳ ಚೆನ್ನಾಗಿ ಒದಗುತ್ತದೆ. ಇಬ್ಬರು ನಿಲ್ಲಿಸಿ ಹಿಡಿದವನ ಕಾಲಿಗೆ ಮೂರನೆಯವನಾಗಿ ನುಗ್ಗಲು ಮಾತ್ರ ಹೋಗಬೇಡಿ, ಕ್ಯಾನನ್‌ಬಾಲ್ ಎಂದು ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾಗುತ್ತದೆ. ಎದುರಾಳಿಯ ಮಂಡಿ ಹೋದರೆ ಅವನ ಬದುಕೂ ಹೋದಂತೆ. ಮೈಸೂರಿನ ಗರಡಿಯಲ್ಲಿ ಹೊಡೆದ ದಂಡ ಹೆಚ್ಚು ಉಳಿಯಿತು. ಹೊಟ್ಟೆಯ ಮೇಲೆ ಬಿದ್ದಲ್ಲಿಂದ ಸೊಂಟ ಎತ್ತುವ ಬಲಕ್ಕೆ ಬೆಂಚ್ ಪ್ರೆಸ್‌ಗಿಂತ ಅದೇ ವಾಸಿ, ಖರ್ಚೂ ಇಲ್ಲ. ಗದೆ ತಿರುಗಿಸಿಯೂ ನೋಡಿದೆ, ಭುಜ ನೋವು ಬಂತು, ಬಿಟ್ಟೆ.

ಕೋಚ್ ಮನಸ್ಸು ಬದಲಾದದ್ದು ಇಂಟರ್‌ಚೇಂಜ್, ಅಂದರೆ ಪಂದ್ಯದ ನಡುವೆ ಆಟಗಾರರನ್ನು ಬದಲಾಯಿಸುವ ಲೆಕ್ಕದಿಂದ. ತಂಡಕ್ಕೆ ಇರುವುದು ಎಂಟೇ. ದಪ್ಪ ಪ್ರಾಪ್‌ಗಳು ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಬೆಂಚಿಗೆ ಬರುತ್ತಾರೆ. ನಾನು ಐವತ್ತೈದನೇ ನಿಮಿಷದವರೆಗೆ ಒಂದೇ ಸಮನೆ ಆಡಿ, ಮೂವತ್ತೈದು ನಲವತ್ತು ಟ್ಯಾಕಲ್ ಮಾಡತೊಡಗಿದೆ. ಕೋಚ್ ಕೈಯಲ್ಲಿ ಕೊನೆಯ ಹತ್ತು ನಿಮಿಷಕ್ಕೆ ಎರಡು ಬದಲಾವಣೆ ಉಳಿಯತೊಡಗಿದವು. ಪ್ರೀ ಸೀಸನ್‌ಗೆ ಟ್ರೇನ್ ಆ್ಯಂಡ್ ಟ್ರಯಲ್ (ತಂಡದ ಜೊತೆ ತಾಲೀಮು ಮಾಡಿ ಪರೀಕ್ಷೆಗೆ ಆಡುವ) ಕರಾರು ಸಿಕ್ಕಿತು, ವಾರಕ್ಕೆ ಸುಮಾರು ಸಾವಿರ ಡಾಲರ್. ಗೋದಾಮಿನ ಪಾಳಿ ಅರ್ಧ ಮಾಡಿದೆ. ತೂಕ ಸಾಲದು ಎಂದು ಕೈಬಿಟ್ಟಿದ್ದವರಲ್ಲೊಬ್ಬರು ಟ್ರಯಲ್ ಪಂದ್ಯದ ನಂತರ ಬಂದು, ಆ ಏಳುವ ಕಸರತ್ತನ್ನು ತಮ್ಮ ಹುಡುಗರಿಗೂ ಹೇಳಿಕೊಡಪ್ಪ ಎಂದರು. ಹೇಳಿಕೊಟ್ಟೆ, ಎಡಗೈ ಬಿಟ್ಟು.

ಈಗ ಎದುರಾಳಿಯ ಲೈನಿಗೆ ತಾಗುವ ಮುನ್ನ ಕೊಡುವ ಚಿಕ್ಕ ಪಾಸ್ ತಿದ್ದಿಕೊಳ್ಳುತ್ತಿದ್ದೇನೆ. ಅದು ಎರಡೂ ಕಡೆಗೆ ಕೂಡಿಬಂದರೆ ಮುಂದಿನ ವರ್ಷ 13ನೇ ನಂಬರ್, ಅಂದರೆ ಲಾಕ್ ಸ್ಥಾನ, ಕೇಳುವವನಿದ್ದೇನೆ.